ವಿಮಾನ ಉರುಳಿಸಲು ಉಪ್ಪಿನ ಹರಳಿನಷ್ಟು ಹಿಮ ಸಾಕು

2002ರ ಜನವರಿ 4. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣ. ಹಿಂದಿನ ರಾತ್ರಿ ಅಮೆರಿಕದಿಂದ ಬಂದಿಳಿದಿದ್ದ ಚಾಲೆಂಜರ್ 604 ಎಂಬ ಸಣ್ಣ ಖಾಸಗಿ ಜೆಟ್ ವಿಮಾನವು ಬೆಳಗಿನ ತನಕ ಬಯಲಿನಲ್ಲಿಯೇ ನಿಂತಿತ್ತು. ಮಧ್ಯಾಹ್ನ 12 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಅದು ಅಮೆರಿಕದ ಮೇಯ್ನ್ ರಾಜ್ಯದ ಬ್ಯಾಂಗೋರ್ ನಗರಕ್ಕೆ ಹೊರಟಿತು. ಚಕ್ರಗಳು ನೆಲ ಬಿಟ್ಟ ಕೂಡಲೇ ವಿಮಾನ ಎಡಕ್ಕೆ ವಾಲತೊಡಗಿತು. ಪೈಲಟ್ ನಿಯಂತ್ರಣಗಳನ್ನು ಪೂರ್ತಿಯಾಗಿ ಬಲಕ್ಕೆ ತಿರುಗಿಸಿದರೂ ವಾಲುವುದು ನಿಲ್ಲಲಿಲ್ಲ. ಎಡ ರೆಕ್ಕೆಯ ತುದಿ ನೆಲಕ್ಕೆ ತಾಗಿತು, ವಿಮಾನ ಮಗುಚಿ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ ಐವರೂ ಮೃತಪಟ್ಟರು. ನೆಲ ಬಿಟ್ಟದ್ದಕ್ಕೂ ಮಗುಚಿದ್ದಕ್ಕೂ ನಡುವೆ ಇದ್ದದ್ದು ಕೆಲವೇ ಸೆಕೆಂಡುಗಳು.

ತನಿಖೆ ಕೊನೆಗೆ ಬೆರಳು ತೋರಿಸಿದ್ದು ರೆಕ್ಕೆಯ ಮೇಲೆ ರಾತ್ರಿ ಕಟ್ಟಿಕೊಂಡಿದ್ದ ಹಿಮದ ತೆಳುಪದರದತ್ತ. ಅದರ ದಪ್ಪ ಒಂದೆರಡು ಮಿಲಿಮೀಟರ್ ಮಾತ್ರ. ಅದೇ ಬೆಳಿಗ್ಗೆ ಆ ನಿಲ್ದಾಣದಲ್ಲಿ ನಿಂತಿದ್ದ ಇತರ ವಿಮಾನಗಳಿಗೆ ಹಿಮ ತೊಡೆಯುವ ದ್ರವ ಸಿಂಪಡಿಸಲಾಗಿತ್ತು. ಈ ವಿಮಾನಕ್ಕೆ ಸಿಂಪಡಿಸಿರಲಿಲ್ಲ. ರೆಕ್ಕೆಯ ಮುಂಅಂಚಿನಲ್ಲಿ ಹಿಮವಿರುವ ಬಗ್ಗೆ ಪೈಲಟ್‌ಗಳು ಮಾತನಾಡಿಕೊಂಡದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ದಾಖಲಾಗಿದೆ. ಅಂದರೆ ಹಿಮ ಕಾಣದೆ ಹೋದದ್ದಲ್ಲ, ಕಂಡರೂ ಅದು ಅಪಾಯವೆಂದು ತೋರಲಿಲ್ಲ. ಪ್ರಯಾಣದ ಆಯಾಸ, ಸಮಯವಲಯ ಬದಲಾದದ್ದರ ಪರಿಣಾಮ, ವೈದ್ಯರ ಚೀಟಿಯಿಲ್ಲದೆ ದೊರೆಯುವ ಒಂದು ಔಷಧ ಇವೆಲ್ಲ ಸೇರಿ ಪೈಲಟ್‌ಗಳ ವಿವೇಚನೆಯನ್ನು ಮಂಕಾಗಿಸಿದ್ದಿರಬಹುದು ಎಂದೂ ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಸಂಸ್ಥೆ ಹೇಳಿತು.

ನೂರಾರು ಕಿಲೋ ಇಂಧನವನ್ನೂ ಪ್ರಯಾಣಿಕರನ್ನೂ ಹೊತ್ತು ಹಾರಬಲ್ಲ ಯಂತ್ರವನ್ನು ಉಗುರಿನಿಂದ ಕೆರೆದು ತೆಗೆಯಬಹುದಾದ ಬಿಳಿ ಪುಡಿಯೊಂದು ನೆಲಕ್ಕೆ ಕೆಡಹುವುದು ಹೇಗೆ? ಪೈಲಟ್‌ಗಳೇ ಮತ್ತೆ ಮತ್ತೆ ಎಡವಿರುವ ಪ್ರಶ್ನೆ ಇದು.

ನಿರ್ಮಲ ರಾತ್ರಿಯ ಕೊಡುಗೆ

ಆಕಾಶದಿಂದ ಉದುರುವ ಹಿಮ ಬೇರೆ, ಇಲ್ಲಿ ಹೇಳುತ್ತಿರುವ ಹಿಮ ಬೇರೆ. ಇಂಗ್ಲಿಷಿನವರು ಫ್ರಾಸ್ಟ್ ಎಂದು ಕರೆಯುವ ಇದಕ್ಕೆ ನಮ್ಮಲ್ಲಿ ಬಳಕೆಯ ಮಾತು ಇಲ್ಲದಿರುವುದು ಸಹಜವೇ. ಡಿಸೆಂಬರ್, ಜನವರಿಯಲ್ಲಿ ಊಟಿಗೆ ಹೋದವರು ಮುಂಜಾವಿನಲ್ಲಿ ಹುಲ್ಲಿನ ಮೇಲೆ ಸುಣ್ಣ ಚೆಲ್ಲಿದಂತೆ ಬಿದ್ದಿರುವ ಬಿಳುಪನ್ನು ನೋಡಿರಬಹುದು. ಹಳೆಯ ರೆಫ್ರಿಜರೇಟರಿನ ಫ್ರೀಜರ್ ಗೋಡೆಗೆ ಅಂಟಿಕೊಳ್ಳುವ ಬಿಳಿ ಪದರವೂ ಇದೇ ಜಾತಿಯದು. ಗಾಳಿಯಲ್ಲಿರುವ ನೀರಾವಿ ನಡುವೆ ನೀರಾಗದೆ ನೇರವಾಗಿ ಘನರೂಪ ತಾಳಿ ತಣ್ಣನೆಯ ಮೈಯೊಂದರ ಮೇಲೆ ಕೂರುತ್ತದೆ.

ಇದಕ್ಕೆ ಮಳೆಯೂ ಬೇಡ, ಮೋಡವೂ ಬೇಡ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯೇ ಇದಕ್ಕೆ ಪ್ರಶಸ್ತ. ಬಯಲಿನಲ್ಲಿ ನಿಂತ ವಿಮಾನದ ರೆಕ್ಕೆಯು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಸೂಸುತ್ತಾ ಹೋಗುತ್ತದೆ. ತೆಳು ಅಲ್ಯೂಮಿನಿಯಂ ತಗಡು ಬಹುಬೇಗ ತಣಿದು ಸುತ್ತಲಿನ ಗಾಳಿಗಿಂತಲೂ ತಂಪಾಗುತ್ತದೆ. ಹೀಗಾಗಿ ಹವಾಮಾನ ವರದಿ ಉಷ್ಣತೆ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿ ಮೇಲಿದೆ ಎಂದು ಹೇಳುತ್ತಿರುವಾಗಲೂ ರೆಕ್ಕೆಯ ಮೇಲೆ ಹಿಮ ಕಟ್ಟಿರಬಹುದು. ಬೆಳಿಗ್ಗೆ ಎದ್ದು ನೋಡಿದರೆ ಶುಭ್ರ ಆಕಾಶ, ಎಳೆಬಿಸಿಲು, ಹಾರಲು ಇದಕ್ಕಿಂತ ಒಳ್ಳೆಯ ದಿನವಿಲ್ಲ ಎನಿಸುವ ವಾತಾವರಣ. ಬಿರುಗಾಳಿ, ಹಿಮಪಾತಗಳು ಪೈಲಟನನ್ನು ಹೆದರಿಸಿ ಎಚ್ಚರಿಸುತ್ತವೆ. ಈ ಹಿಮ ಹಾಗೆ ಮಾಡುವುದಿಲ್ಲ.

ಭಾರವಲ್ಲ, ಒರಟುತನ

ಹಿಮ ಕಟ್ಟಿದರೆ ವಿಮಾನದ ಭಾರ ಹೆಚ್ಚುತ್ತದೆ, ಅದರಿಂದ ಅಪಾಯ ಎಂದು ಬಹುಮಂದಿ ಭಾವಿಸುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಜಗತ್ತಿನಾದ್ಯಂತ ಹಾರಾಟ ಕಲಿಯುವವರು ಬಳಸುವ ನಾಲ್ಕು ಆಸನಗಳ ಸೆಸ್ನಾ 172 ವಿಮಾನದ ರೆಕ್ಕೆಗಳ ಒಟ್ಟು ವಿಸ್ತೀರ್ಣ ಸುಮಾರು 16 ಚದರ ಮೀಟರ್. ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗಟ್ಟಿ ಮಂಜುಗಡ್ಡೆಯೇ ಕುಳಿತಿದೆ ಎಂದುಕೊಂಡರೂ ತೂಕ 8 ಕಿಲೋ ಮುಟ್ಟುವುದಿಲ್ಲ. ಈ ಹಿಮದ ಪುಡಿಯಾದರೋ ಮಂಜುಗಡ್ಡೆಗಿಂತ ಹಗುರ. ಪ್ರಯಾಣಿಕರೊಬ್ಬರ ಕೈಚೀಲದಷ್ಟೂ ಭಾರವಿಲ್ಲ. 1100 ಕಿಲೋಗಿಂತ ಹೆಚ್ಚು ತೂಕದೊಂದಿಗೆ ನೆಲ ಬಿಡಬಲ್ಲ ವಿಮಾನಕ್ಕೆ ಇದು ಲೆಕ್ಕಕ್ಕೇ ಇಲ್ಲ.

ಕೆಡುವುದು ರೆಕ್ಕೆಯ ಆಕಾರ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲ್ಮೈಯನ್ನು ಅಪ್ಪಿಕೊಂಡು ಹರಿಯುವ ಗಾಳಿ. ಆ ಪ್ರವಾಹ ಮೈಬಿಡದೆ ಹಿಂದಂಚಿನ ತನಕ ಸಾಗಬೇಕು. ಪೈಲಟ್ ಮೂತಿಯನ್ನು ಮೇಲೆತ್ತಿದಂತೆ ಗಾಳಿ ಹೆಚ್ಚು ಕಡಿದಾದ ಬಾಗನ್ನು ಬಳಸಿ ಹೋಗಬೇಕಾಗುತ್ತದೆ. ಒಂದು ಕೋನದವರೆಗೆ ಅದು ಸಾಧ್ಯ, ಅದನ್ನು ಮೀರಿದರೆ ಪ್ರವಾಹ ರೆಕ್ಕೆಯಿಂದ ಕಿತ್ತು ಬೇರೆಯಾಗುತ್ತದೆ, ಎತ್ತುವ ಬಲ ಹಠಾತ್ತನೆ ಕುಸಿಯುತ್ತದೆ. ವೈಮಾನಿಕರು ಇದನ್ನು ಸ್ಟಾಲ್ ಎನ್ನುತ್ತಾರೆ. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಪೂರ್ಣ ಶಕ್ತಿಯಿಂದ ಮೊರೆಯುತ್ತಿರುವಾಗಲೇ ರೆಕ್ಕೆ ತನ್ನ ಕೆಲಸ ನಿಲ್ಲಿಸಿರುತ್ತದೆ.

ಹಿಮದ ಹರಳುಗಳು ನುಣುಪಾದ ರೆಕ್ಕೆಯನ್ನು ಮರಳುಕಾಗದದಂತೆ ಮಾಡುತ್ತವೆ. ಮೈಗೆ ಅಂಟಿ ಹರಿಯಬೇಕಾದ ಗಾಳಿ ಪ್ರತಿ ಹರಳಿಗೂ ತಡೆದು ತನ್ನ ವೇಗ ಕಳೆದುಕೊಳ್ಳುತ್ತದೆ. ದಣಿದ ಆ ಪ್ರವಾಹ ಬಾಗನ್ನು ಬಳಸಲಾರದೆ ಸಾಮಾನ್ಯಕ್ಕಿಂತ ಹಲವು ಡಿಗ್ರಿ ಮೊದಲೇ ರೆಕ್ಕೆಯನ್ನು ಬಿಟ್ಟುಬಿಡುತ್ತದೆ. ಮುಂಅಂಚಿನಲ್ಲೂ ಮೇಲ್ಮೈಯಲ್ಲೂ ಮರಳುಕಾಗದದಷ್ಟು ಒರಟಾದ ಹಿಮವಿದ್ದರೆ ಎತ್ತುವ ಬಲ ಶೇ. 30ರಷ್ಟು ಕುಗ್ಗಬಹುದು, ಗಾಳಿಯ ಎಳೆತ ಶೇ. 40ರಷ್ಟು ಹೆಚ್ಚಬಹುದು ಎಂಬುದು ಗಾಳಿಸುರಂಗ ಪ್ರಯೋಗಗಳಿಂದ ತಿಳಿದಿರುವ ಸಂಗತಿ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 2004ರ ಡಿಸೆಂಬರಿನಲ್ಲಿ ಪೈಲಟ್‌ಗಳಿಗೆ ನೀಡಿದ ಎಚ್ಚರಿಕೆಯಲ್ಲಿ ಇನ್ನೂ ಮುಂದೆ ಹೋಯಿತು. ಅಡುಗೆ ಉಪ್ಪಿನ ಹರಳಿನಷ್ಟು ಗಾತ್ರದ ಹಿಮಕಣಗಳು ಚದರ ಸೆಂಟಿಮೀಟರಿಗೆ ಒಂದರಂತೆ ವಿರಳವಾಗಿ ಹರಡಿದ್ದರೂ ವಿಮಾನ ನೆಲ ಬಿಡಲಾರದಷ್ಟು ಬಲನಷ್ಟವಾಗಬಹುದು ಎಂದಿತು.

ಎತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆದ್ದರಿಂದ ಬಲದಲ್ಲಿ ಶೇ. 30 ಕಳೆದುಕೊಂಡ ರೆಕ್ಕೆ ಅದೇ ಭಾರವನ್ನು ಹೊರಬೇಕಾದರೆ ಸುಮಾರು ಶೇ. 20ರಷ್ಟು ಹೆಚ್ಚು ವೇಗ ಬೇಕು. 50 ನಾಟ್ ವೇಗದವರೆಗೂ ಗಾಳಿಯಲ್ಲಿ ನಿಲ್ಲಬಲ್ಲ ವಿಮಾನ ಈಗ 60 ನಾಟ್‌ಗಿಂತ ಕೆಳಗಿಳಿದರೆ ಬೀಳುತ್ತದೆ. ಆದರೆ ಪೈಲಟ್‌ನ ಕೈಪಿಡಿಯಲ್ಲಿ ಇರುವುದು ಶುಚಿಯಾದ ರೆಕ್ಕೆಯ ಅಂಕಿ. ಅವನು ಎಂದಿನ ವೇಗದಲ್ಲೇ, ಎಂದಿನಂತೆಯೇ ಮೂತಿ ಎತ್ತುತ್ತಾನೆ.

ಸ್ಟಾಲ್ ಸಮೀಪಿಸಿದಾಗ ಕೂಗಿ ಹೇಳುವ ಎಚ್ಚರಿಕೆಯ ಸಾಧನ ಪ್ರತಿ ವಿಮಾನದಲ್ಲೂ ಇರುತ್ತದಲ್ಲವೇ ಎಂದು ಕೇಳಬಹುದು. ಇರುತ್ತದೆ. ಅದನ್ನೂ ಹೊಂದಿಸಿರುವುದು ಶುಚಿಯಾದ ರೆಕ್ಕೆಗೇ. ಹಿಮ ಕಟ್ಟಿದ ರೆಕ್ಕೆ ಎಚ್ಚರಿಕೆಯ ಕೋನ ತಲುಪುವ ಮೊದಲೇ ಸೋತಿರುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ನಡೆದದ್ದು ಇದೇ. ಚಾಲೆಂಜರ್‌ನ ಸ್ಟಾಲ್ ರಕ್ಷಣಾ ವ್ಯವಸ್ಥೆ ಕೆಲಸ ಮಾಡಬೇಕಾದ ಹಂತಕ್ಕೆ ಮುನ್ನವೇ ಅದರ ರೆಕ್ಕೆ ಸ್ಟಾಲ್ ಆಗಿತ್ತು. ಅಲ್ಲಿ ಇನ್ನೊಂದು ವಿಲಕ್ಷಣ ಸಂಗತಿಯೂ ಸೇರಿಕೊಂಡಿತು. ನಿಂತಿದ್ದಾಗ ಚಾಲೂ ಇದ್ದ ಬಾಲದ ಸಹಾಯಕ ಎಂಜಿನ್ನಿನ ಬಿಸಿಗಾಳಿ ಬಲ ರೆಕ್ಕೆಯ ಮೇಲೆ ಹಾಯ್ದು ಅಲ್ಲಿನ ಹಿಮವನ್ನು ಒಂದಿಷ್ಟು ಕರಗಿಸಿತ್ತು ಎಂದು ತನಿಖಾಧಿಕಾರಿಗಳು ಭಾವಿಸಿದರು. ಎರಡೂ ರೆಕ್ಕೆಗಳಲ್ಲಿ ಸಮನಾಗಿ ಹಿಮವಿದ್ದಿದ್ದರೆ ವಿಮಾನ ಮೇಲೇರಲು ತಿಣುಕಾಡುತ್ತಿತ್ತು. ಒಂದು ರೆಕ್ಕೆ ಮೊದಲು ಸೋತದ್ದರಿಂದ ಉರುಳಿಯೇ ಹೋಯಿತು.

ನೆಲ ಬಿಟ್ಟರೆ ಗೆದ್ದಂತಲ್ಲ

ಇಷ್ಟೆಲ್ಲ ಆದರೂ ಹಿಮ ಕಟ್ಟಿದ ವಿಮಾನ ಬಹಳ ಸಲ ನೆಲವನ್ನಂತೂ ಬಿಡುತ್ತದೆ. ಮೋಸ ಅಡಗಿರುವುದು ಇಲ್ಲಿ. ರೆಕ್ಕೆಯು ನೆಲಕ್ಕೆ ಹತ್ತಿರವಿರುವಾಗ, ಎಂದರೆ ರೆಕ್ಕೆಯ ತುದಿಯಿಂದ ತುದಿಗೆ ಇರುವ ಉದ್ದಕ್ಕಿಂತ ಕಡಿಮೆ ಎತ್ತರದಲ್ಲಿರುವಾಗ, ಕೆಳಗಿನ ನೆಲವು ರೆಕ್ಕೆತುದಿಗಳ ಸುಳಿಗಾಳಿಯನ್ನು ತಡೆಹಿಡಿಯುತ್ತದೆ. ಇದರಿಂದ ಗಾಳಿಯ ಎಳೆತ ಕಡಿಮೆಯಾಗಿ ವಿಮಾನಕ್ಕೆ ನೆಲದ ಆಸರೆ ಸಿಕ್ಕಂತಾಗುತ್ತದೆ. ಹತ್ತು ಹದಿನೈದು ಅಡಿ ಮೇಲೇರಿದೊಡನೆ ಈ ಆಸರೆ ತಪ್ಪತೊಡಗುತ್ತದೆ. ವಿಮಾನ ಏರಲು ಒಲ್ಲದು. ಮುಂದೆ ರನ್‌ವೇ ಮುಗಿಯುತ್ತಾ ಬಂದಿದೆ. ಎದುರಿಗೆ ಮರಗಳೋ ಬೇಲಿಯೋ ಕಾಣುತ್ತಿವೆ. ಇಂಥ ಹೊತ್ತಿನಲ್ಲಿ ಮೂತಿಯನ್ನು ಇನ್ನಷ್ಟು ಮೇಲೆತ್ತಲು ಕೈ ತಾನಾಗಿ ಮುಂದಾಗುತ್ತದೆ. ರೆಕ್ಕೆಯನ್ನು ಸ್ಟಾಲ್‌ಗೆ ನೂಕುವುದೂ ಅದೇ. ಮೂತಿ ತಗ್ಗಿಸಿ ವೇಗ ಗಳಿಸಬೇಕೆಂದರೆ ಕೆಳಗೆ ಎತ್ತರವೇ ಇಲ್ಲ. ಎಂಟು ಸಾವಿರ ಅಡಿಯ ಮೇಲಾದರೆ ಸ್ಟಾಲ್ ಒಂದು ಪಾಠ. ಎಂಬತ್ತು ಅಡಿಯಲ್ಲಿ ಅದಕ್ಕೆ ಪರಿಹಾರವಿಲ್ಲ.

ಸಣ್ಣ ವಿಮಾನಗಳಿಗೆ ಈ ಕಂಟಕ ಹೆಚ್ಚು. ಅರ್ಧ ಮಿಲಿಮೀಟರ್ ಒರಟುತನ ದೊಡ್ಡ ಜೆಟ್‌ನ ಅಗಲವಾದ ರೆಕ್ಕೆಗೆ ಅಲ್ಪವೆನಿಸಬಹುದು, ಒಂದೂವರೆ ಮೀಟರ್ ಅಗಲದ ರೆಕ್ಕೆಗೆ ಅಲ್ಪವಲ್ಲ. ದೊಡ್ಡ ಜೆಟ್‌ಗಳು ನೆಲ ಬಿಡುವಾಗ ರೆಕ್ಕೆಯ ಮುಂಅಂಚಿನಿಂದ ಸ್ಲ್ಯಾಟ್ ಎಂಬ ಹಲಗೆಗಳನ್ನು ಹೊರಚಾಚಿ ಪ್ರವಾಹವನ್ನು ಹಿಡಿದಿಡುತ್ತವೆ. ಸೆಸ್ನಾದಂಥವುಗಳಲ್ಲಿ ಅದಿಲ್ಲ. ಚಾಲೆಂಜರ್‌ನಲ್ಲೂ ಇರಲಿಲ್ಲ. ಅಲ್ಲದೆ ದೊಡ್ಡ ವಿಮಾನದ ಬೆನ್ನಿಗೆ ಸಿಬ್ಬಂದಿ, ದ್ರವದ ಟ್ಯಾಂಕರ್, ಏಣಿಗಾಡಿ ಎಲ್ಲವೂ ಇರುತ್ತವೆ. ಸಣ್ಣ ವಿಮಾನವೋ ಹಳ್ಳಿಗಾಡಿನ ಪಟ್ಟಿಯೊಂದರಲ್ಲಿ ಬಯಲಿನಲ್ಲಿ ನಿಂತಿರುತ್ತದೆ, ಪೈಲಟ್ ಒಬ್ಬನೇ. ಸೆಸ್ನಾ ವಿಮಾನಗಳಲ್ಲಿ ಬಹಳಷ್ಟಕ್ಕೆ ರೆಕ್ಕೆ ತಲೆಗಿಂತ ಮೇಲೆ. ಏಣಿ ಹತ್ತದೆ ಅದರ ಮೇಲ್ಮೈ ಕಾಣುವುದೇ ಇಲ್ಲ. ಕೆಳಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿದೆ.

ಕೆನಡಾದ ಪೆಲಿ ದ್ವೀಪದಲ್ಲಿ 2004ರ ಜನವರಿ 17ರಂದು ಇಂಥದೇ ಎತ್ತರದ ರೆಕ್ಕೆಯ ಸೆಸ್ನಾ 208 ಕ್ಯಾರವಾನ್ ಬಿತ್ತು. ಈರಿ ಸರೋವರದ ನಡುವಿನ ಆ ದ್ವೀಪಕ್ಕೆ ಚಳಿಗಾಲದಲ್ಲಿ ಹೊರಜಗತ್ತಿನ ಸಂಪರ್ಕವೆಂದರೆ ಸಣ್ಣ ವಿಮಾನ. ಒಬ್ಬ ಪೈಲಟ್, ಒಂಬತ್ತು ಪ್ರಯಾಣಿಕರು. ರೆಕ್ಕೆಯಲ್ಲಿ ಹಿಮವಿತ್ತು, ಜೊತೆಗೆ ಒಟ್ಟು ತೂಕ ಮಿತಿಗಿಂತ ಕನಿಷ್ಠ ಶೇ. 15ರಷ್ಟು ಹೆಚ್ಚಿತ್ತು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ವಿಮಾನ ಹೆಪ್ಪುಗಟ್ಟಿದ ಸರೋವರಕ್ಕೆ ಅಪ್ಪಳಿಸಿತು, ಹತ್ತು ಮಂದಿಯೂ ಸತ್ತರು. ಹಿಮ ಒಂದೇ ಇದ್ದಿದ್ದರೆ, ಅಥವಾ ಭಾರ ಒಂದೇ ಇದ್ದಿದ್ದರೆ ಏನಾಗುತ್ತಿತ್ತೋ. ಎರಡೂ ಕೂಡಿದಾಗ ಉಳಿದಿದ್ದ ಅಂತರವೆಲ್ಲ ಕರಗಿತು.

ಅದೇ ವರ್ಷದ ನವೆಂಬರಿನಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಅಪಘಾತಗಳಾದವು. ನವೆಂಬರ್ 21ರಂದು ಚೀನಾದ ಒಳಮಂಗೋಲಿಯಾದ ಬಾವೋತೌ ನಗರದಲ್ಲಿ ರಾತ್ರಿಯಿಡೀ ಹೊರಗೆ ನಿಂತಿದ್ದ 50 ಆಸನಗಳ ಸಿಆರ್‌ಜೆ 200 ಜೆಟ್, ಹಿಮ ತೊಡೆಯದೆಯೇ ಹೊರಟು ಉದ್ಯಾನದ ಕೆರೆಗೆ ಬಿತ್ತು. ವಿಮಾನದಲ್ಲಿದ್ದ 53 ಮಂದಿ, ನೆಲದ ಮೇಲಿದ್ದ ಇಬ್ಬರು ಜೀವ ತೆತ್ತರು. ನವೆಂಬರ್ 28ರಂದು ಅಮೆರಿಕದ ಕೊಲರಾಡೊದ ಮಾಂಟ್ರೋಸ್‌ನಲ್ಲಿ ಹಿಮ ಉದುರುತ್ತಿರುವಾಗ ನಿಲ್ದಾಣದಲ್ಲಿ ನಿಂತು ಹೊರಟ ಚಾಲೆಂಜರ್ ಜೆಟ್ ರನ್‌ವೇ ಬಳಿಯೇ ಪತನಗೊಂಡಿತು, ಆರು ಮಂದಿಯಲ್ಲಿ ಮೂವರು ಸತ್ತರು. ಸಿಆರ್‌ಜೆಯು ಚಾಲೆಂಜರ್ ವಿನ್ಯಾಸದಿಂದಲೇ ಬೆಳೆದ ವಿಮಾನ. ಇದಾದ ಬಳಿಕ, 2005ರಲ್ಲಿ, ಈ ಕುಟುಂಬದ ವಿಮಾನಗಳ ಪೈಲಟ್‌ಗಳು ಚಳಿಯ ವಾತಾವರಣದಲ್ಲಿ ಹೊರಡುವ ಮುನ್ನ ರೆಕ್ಕೆಯನ್ನು ಕಣ್ಣಿನಿಂದ ನೋಡಿದರೆ ಸಾಲದು, ಕೈಯಿಂದ ಮುಟ್ಟಿಯೂ ಪರೀಕ್ಷಿಸಬೇಕೆಂಬ ಆದೇಶ ಅಮೆರಿಕದಲ್ಲಿ ಹೊರಬಿತ್ತು. ಕ್ಯಾರವಾನ್‌ಗೂ ಅಂಥದೇ ಆದೇಶ ಬಂತು.

ಮುಟ್ಟಿ ನೋಡುವುದು ಬಾಲಿಶವೆಂದು ತೋರಬಹುದು. ಬಿಳಿ ಬಣ್ಣದ ರೆಕ್ಕೆಯ ಮೇಲೆ ಬಿಳಿ ಹಿಮ ಕಾಣುವುದಿಲ್ಲ. ಗಾಜಿನಂತೆ ಪಾರದರ್ಶಕವಾದ ಮಂಜುಗಡ್ಡೆ ತೇವದಂತಷ್ಟೇ ತೋರುತ್ತದೆ. ಕೈಗವಸು ಕಳಚಿ ಬರಿಗೈಯಲ್ಲಿ ಸವರಿದರೆ ಮಾತ್ರ ತಿಳಿಯುತ್ತದೆ.

ಸೋಜಿಗವೆಂದರೆ, ರೆಕ್ಕೆಯ ಮೇಲಿನ ಹಿಮವನ್ನು ಪೂರ್ತಿ ತೆಗೆಯದೆ, ಉಜ್ಜಿ ನುಣುಪು ಮಾಡಿಕೊಂಡು ಹಾರಲು ಅಮೆರಿಕದ ನಿಯಮಗಳೇ ದಶಕಗಳ ಕಾಲ ಅವಕಾಶ ಕೊಟ್ಟಿದ್ದವು. ಎಷ್ಟು ಉಜ್ಜಿದರೆ ನುಣುಪು ಎಂಬುದಕ್ಕೆ ಅಳತೆಯೇ ಇರಲಿಲ್ಲ. ಪೈಲಟನ ಅಂಗೈಯೇ ಮಾನದಂಡ. ಈ ವಿನಾಯಿತಿಯನ್ನು ಅಲ್ಲಿನ ವಿಮಾನಯಾನ ಆಡಳಿತವು 2009ರ ಡಿಸೆಂಬರಿನಲ್ಲಿ ರದ್ದುಗೊಳಿಸಿತು, 2010ರ ಜನವರಿ 30ರಿಂದ ಅದು ಜಾರಿಗೆ ಬಂತು. ಬರ್ಮಿಂಗ್‌ಹ್ಯಾಮ್ ದುರಂತದ ತನಿಖೆ ಈ ವಿನಾಯಿತಿಯತ್ತ ಬೆರಳು ಮಾಡಿದ ಎಷ್ಟೋ ವರ್ಷಗಳ ಮೇಲೆ!

ಹೇಳದೆ ಉಳಿದ ಮಾತು

ಹೀಗೆ ಹೊರಡುವ ನಿರ್ಧಾರ ಒಬ್ಬ ಪೈಲಟನ ಹುಂಬತನದಿಂದಲೇ ಆಗುತ್ತದೆ ಎಂದುಕೊಳ್ಳುವುದು ಸುಲಭ. ಕೆನಡಾದ ಡ್ರೈಡನ್ ಎಂಬ ಊರಿನಲ್ಲಿ 1989ರ ಮಾರ್ಚ್ 10ರಂದು ನಡೆದ ದುರಂತದ ವಿಚಾರಣೆ ಈ ನಂಬಿಕೆಯನ್ನು ಅಲುಗಿಸಿತು. ಅದು 69 ಮಂದಿಯಿದ್ದ ಫಾಕರ್ ಎಫ್28 ಜೆಟ್, ಸಣ್ಣ ವಿಮಾನವೇನಲ್ಲ. ಆದರೂ ಇಂದಿನ ನಿಯಮಗಳ ಬೇರು ಅಲ್ಲಿದೆ. ವಿಮಾನದ ಸಹಾಯಕ ಎಂಜಿನ್ ಕೆಟ್ಟಿತ್ತು. ಡ್ರೈಡನ್‌ನಲ್ಲಿ ಮುಖ್ಯ ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಉಪಕರಣ ಇರಲಿಲ್ಲವಾದ್ದರಿಂದ ಎಂಜಿನ್ ಆರಿಸುವಂತಿರಲಿಲ್ಲ. ಎಂಜಿನ್ ಚಾಲೂ ಇರುವಾಗ ಹಿಮ ತೊಡೆಯಬಾರದೆಂಬುದು ಸಂಸ್ಥೆಯ ನಿಯಮ. ಹೊರಗೆ ಹಿಮ ಉದುರುತ್ತಿತ್ತು. ಇದರ ನಡುವೆ ಇಳಿಯಲು ಬರುತ್ತಿದ್ದ ಪುಟ್ಟ ಸೆಸ್ನಾ 150 ಒಂದಕ್ಕಾಗಿ ಕಾಯಬೇಕಾಯಿತು, ರೆಕ್ಕೆಯ ಮೇಲೆ ಹಿಮ ಬೆಳೆಯುತ್ತಲೇ ಇತ್ತು. ಕಿಟಕಿಯಿಂದ ಅದನ್ನು ನೋಡುತ್ತಿದ್ದ ಪ್ರಯಾಣಿಕರಲ್ಲಿ ಬೇರೆ ಕಡೆ ಕೆಲಸ ಮಾಡುವ ಪೈಲಟ್‌ಗಳೂ ಇದ್ದರು. ಗಗನಸಖಿಯ ಕಣ್ಣಿಗೂ ಬಿದ್ದಿತ್ತು. ಕ್ಯಾಪ್ಟನ್‌ಗೆ ಯಾರೂ ಹೇಳಲಿಲ್ಲ; ಅವರಿಗೆ ಗೊತ್ತಿರುತ್ತದೆ ಎಂದುಕೊಂಡರು, ಹೇಳಿದರೆ ಅಧಿಕಪ್ರಸಂಗವಾದೀತು ಎಂದುಕೊಂಡರು. ರನ್‌ವೇ ಆಚೆಯ ಕಾಡಿನಲ್ಲಿ ವಿಮಾನ ಬಿದ್ದಾಗ 24 ಮಂದಿ ಮೃತಪಟ್ಟರು.

ನ್ಯಾಯಮೂರ್ತಿ ವರ್ಜಿಲ್ ಮೊಶಾನ್‌ಸ್ಕಿ ಅವರ ಆಯೋಗ 1992ರಲ್ಲಿ ನೀಡಿದ ವರದಿಯಲ್ಲಿ 191 ಶಿಫಾರಸುಗಳಿದ್ದವು. ಪೈಲಟನನ್ನು ಮಾತ್ರ ಹೊಣೆ ಮಾಡಿ ಕೈತೊಳೆದುಕೊಳ್ಳದೆ ಸಂಸ್ಥೆ, ಸರ್ಕಾರ, ನಿಯಮಗಳ ಸಡಿಲಿಕೆ ಎಲ್ಲವನ್ನೂ ಅದು ಕೆದಕಿತು. ಅಂಟಿಕೊಂಡ ಹಿಮದೊಂದಿಗೆ ಯಾವುದೇ ವಿಮಾನ ಹೊರಡಬಾರದು ಎಂಬ ‘ಶುಚಿಯಾದ ರೆಕ್ಕೆ’ ಸೂತ್ರ ಗಟ್ಟಿಯಾಗಿ ನೆಲೆಗೊಂಡದ್ದು ಆ ಬಳಿಕ.

ಸೂತ್ರವೇನೋ ಸರಳ, ಪಾಲನೆಗೆ ಖರ್ಚು ಮತ್ತು ಸಮಯ ಬೇಕು. ದೊಡ್ಡ ನಿಲ್ದಾಣಗಳಲ್ಲಿ ಗ್ಲೈಕಾಲ್ ಬೆರೆತ ಬಿಸಿ ದ್ರವವನ್ನು ರಭಸದಿಂದ ಸಿಂಪಡಿಸುತ್ತಾರೆ. ಹಿಮ ಉದುರುತ್ತಲೇ ಇದ್ದರೆ ಅದರ ಮೇಲೆ ಹಸಿರು ಬಣ್ಣದ ಮಂದವಾದ ಇನ್ನೊಂದು ದ್ರವವನ್ನೂ ಬಳಿಯುವುದುಂಟು. ಈ ಮಂದ ದ್ರವ ರನ್‌ವೇಯಲ್ಲಿ ವೇಗ ಏರಿದಂತೆ ಗಾಳಿಗೆ ಹರಿದು ಹೋಗಬೇಕು. ನಿಧಾನವಾಗಿ ನೆಲ ಬಿಡುವ ಸಣ್ಣ ವಿಮಾನಗಳಲ್ಲಿ ಅಷ್ಟು ವೇಗವಿಲ್ಲದೆ ದ್ರವವೇ ರೆಕ್ಕೆಯಲ್ಲಿ ಉಳಿದು ಹಿಮದಂತೆ ತೊಂದರೆ ಕೊಟ್ಟೀತು, ಹಾಗಾಗಿ ಅವಕ್ಕೆ ಇದು ಸಲ್ಲದು. ಬಿಸಿನೀರು ಸುರಿಯುವ ಉಪಾಯ ಹಲವರಿಗೆ ಹೊಳೆಯುತ್ತದೆ. ಅದು ಕರಗಿಸಿದ ಹಿಮ ರೆಕ್ಕೆಯ ಹಿಂಭಾಗದ ಕೀಲುಗಳಿಗೆ ಇಳಿದು ಅಲ್ಲಿ ಮತ್ತೆ ಹೆಪ್ಪುಗಟ್ಟಿದರೆ ನಿಯಂತ್ರಣವೇ ಬಿಗಿದುಕೊಳ್ಳುತ್ತದೆ. ಸಣ್ಣ ವಿಮಾನದವರಿಗೆ ಉತ್ತಮವಾದದ್ದು ರಾತ್ರಿ ಹ್ಯಾಂಗರಿನೊಳಗೆ ನಿಲ್ಲಿಸುವುದು, ಇಲ್ಲವೇ ರೆಕ್ಕೆಗೆ ಬಟ್ಟೆಯ ಹೊದಿಕೆ ಹಾಕುವುದು. ಅದೂ ಇಲ್ಲದಿದ್ದರೆ ಮೃದುವಾದ ಪೊರಕೆ, ಇಬ್ಬರು ಹಿಡಿದು ರೆಕ್ಕೆಯುದ್ದಕ್ಕೂ ಎಳೆಯುವ ಹಗ್ಗ, ಅಥವಾ ವಿಮಾನವನ್ನು ಬಿಸಿಲಿಗೆ ತಿರುಗಿಸಿ ಕಾಯುವ ತಾಳ್ಮೆ. ಬಾಲದ ಅಡ್ಡರೆಕ್ಕೆಯನ್ನೂ ಪ್ರೊಪೆಲ್ಲರನ್ನೂ ಮರೆಯುವಂತಿಲ್ಲ.

ನಮ್ಮ ರಾಜ್ಯದ ಪೈಲಟ್‌ಗಳಿಗೆ ಈ ಪಾಠ ಪುಸ್ತಕದ್ದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ, ಜಕ್ಕೂರಿನ ಹಾರಾಟ ಶಾಲೆಯ ಅಂಗಳದಲ್ಲಿ ಬೆಳಿಗ್ಗೆ ರೆಕ್ಕೆಯ ಮೇಲೆ ಕಾಣುವುದು ಇಬ್ಬನಿ ಮಾತ್ರ. ಅಂಗವಸ್ತ್ರದಲ್ಲಿ ಒರೆಸಿದರೂ ಹೋಗುತ್ತದೆ. ಆದರೆ ಇಲ್ಲಿಂದ ಕೆನಡಾ, ಅಮೆರಿಕಗಳಿಗೆ ಹಾರಾಟ ಕಲಿಯಲು ಹೋಗುವ ವಿದ್ಯಾರ್ಥಿಗಳು ಮೊದಲ ಚಳಿಗಾಲದಲ್ಲೇ ಹಿಮ ಕಟ್ಟಿದ ಸೆಸ್ನಾ ಎದುರು ನಿಲ್ಲುತ್ತಾರೆ. ಗಂಟೆ ಲೆಕ್ಕದಲ್ಲಿ ಹಣ ತೆತ್ತು ಕಾದಿರಿಸಿದ ವಿಮಾನ, ಮುಂದೆ ಪರೀಕ್ಷೆ, ಊರಿನಲ್ಲಿ ಸಾಲ. ಬಿಸಿಲು ಏರುವ ತನಕ ಕಾಯುವುದೆಂದರೆ ಆ ದಿನದ ಪಾಠ ಕೈತಪ್ಪುವುದು ಎಂದೇ ಅರ್ಥ.

ನಮ್ಮ ಹುಬ್ಬಳ್ಳಿ, ಬೆಳಗಾವಿ, ಮೈಸೂರುಗಳ ಪ್ರಯಾಣಿಕರಿಗೆ ಪರಿಚಿತವಾದ ಎಟಿಆರ್ ವಿಮಾನಗಳೂ ಚಳಿಯ ನಾಡುಗಳಲ್ಲಿ ಇದೇ ಕಾರಣಕ್ಕೆ ಬಿದ್ದಿವೆ. 2012ರ ಏಪ್ರಿಲ್ 2ರಂದು ಸೈಬೀರಿಯಾದ ತ್ಯುಮೆನ್‌ನಿಂದ ಹಿಮ ತೊಡೆಯದೆ ಹೊರಟ ಎಟಿಆರ್ 72 ಪತನಗೊಂಡು 43 ಮಂದಿಯಲ್ಲಿ 33 ಮಂದಿ ಮೃತಪಟ್ಟರು. 2017ರ ಡಿಸೆಂಬರ್ 13ರ ಸಂಜೆ ಕೆನಡಾದ ಸಸ್ಕಾಚೆವಾನ್ ಪ್ರಾಂತದ ಫಾನ್ ದು ಲಾಕ್ ಎಂಬ ದೂರದ ಊರಿನಿಂದ 25 ಮಂದಿಯನ್ನು ಹೊತ್ತು ಮೇಲೆದ್ದ ಎಟಿಆರ್ 42 ರನ್‌ವೇ ದಾಟುತ್ತಲೇ ಕಾಡಿಗೆ ಬಿತ್ತು; ಗಾಯಗೊಂಡವರಲ್ಲಿ ಒಬ್ಬರು ಬಳಿಕ ತೀರಿಕೊಂಡರು. ವಿಮಾನದ ಮೇಲೆ ಹಿಮ ಉಳಿದಿರುವುದು ಸಿಬ್ಬಂದಿಗೆ ತಿಳಿದಿತ್ತು. ಆ ನಿಲ್ದಾಣದಲ್ಲಿ ಹಿಮ ತೊಡೆಯಲು ಇದ್ದ ಸಲಕರಣೆ ಎಂದರೆ ಎರಡು ಏಣಿ, ಕೈಯಲ್ಲಿ ಹಿಡಿದು ಸಿಂಪಡಿಸುವ ಒಂದು ಸಾಧನ, ಒಂದಿಷ್ಟು ದ್ರವ. ಹಿಂದೆಯೂ ಇಂಥ ಊರುಗಳಿಂದ ಅಲ್ಪಸ್ವಲ್ಪ ಹಿಮದೊಂದಿಗೆ ಹೊರಟು ಕ್ಷೇಮವಾಗಿ ತಲುಪಿದ್ದರು, ಆ ಯಶಸ್ಸೇ ಅಪಾಯಕರ ಅಭ್ಯಾಸವನ್ನು ಮಾಮೂಲಾಗಿಸಿತ್ತು ಎಂಬುದು ಕೆನಡಾದ ಸಾರಿಗೆ ಸುರಕ್ಷಾ ಮಂಡಳಿಯ ತೀರ್ಮಾನ. ದೂರದ ಊರುಗಳ ನಿಲ್ದಾಣಗಳಲ್ಲಿ ಹಿಮ ತೊಡೆಯುವ ಸಲಕರಣೆ ಸಾಕಷ್ಟಿದೆಯೇ ಎಂದು ಮೊದಲು ನೋಡಿ, ಇಲ್ಲದ ಕಡೆ ಒದಗಿಸಬೇಕೆಂದು ಮಂಡಳಿಯು ತನಿಖೆ ಮುಗಿಯುವ ತನಕ ಕಾಯದೆ 2018ರಲ್ಲೇ ಶಿಫಾರಸು ಮಾಡಿತು.